ಬೆಳಗಿನ ಮೊದಲ ನೀರಿನ ಸೀಸ: ನಲ್ಲಿ ಬಿಡುವುದೋ, ಆರ್‌ಒ ಹಾಕುವುದೋ, ನಲ್ಲಿಯನ್ನೇ ಬದಲಿಸುವುದೋ?

ಶಿರಸಿಯ ನಮ್ಮ ಮನೆಯ ಬಾವಿ ಜಂಬಿಟ್ಟಿಗೆ ನೆಲದ್ದು. ನೀರು ಮೆದು, ಸ್ವಲ್ಪ ಆಮ್ಲೀಯ. ಕುಡಿಯಲು ಬಲು ರುಚಿ. ಆದರೆ ಇಂಥ ನೀರೇ ಹಿತ್ತಾಳೆ ನಲ್ಲಿಯ ಸೀಸವನ್ನು ಬೇಗ ಕರಗಿಸಿಕೊಳ್ಳುತ್ತದೆ. ರಾತ್ರಿಯಿಡೀ ನಿಂತರಂತೂ ಇನ್ನೂ ಜಾಸ್ತಿ. ಮಗಳಿಗೆ ಈಗ ಎರಡು ವರ್ಷ. ಸೀಸ ಹೆಚ್ಚು ಕಾಡುವುದು ಮಕ್ಕಳ ಮಿದುಳನ್ನೇ ಅಲ್ವಾ? ಹಾಗಾಗಿ ಬೆಳಗಿನ ಮೊದಲ ನೀರು ಹಿಡಿದು ಲ್ಯಾಬಿಗೆ ಕೊಟ್ಟೆ. ಲೀಟರಿಗೆ 19 ಮೈಕ್ರೋಗ್ರಾಂ ಬಂತು. ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ 10. ಬಾವಿಯಿಂದ ನೇರ ಸೇದಿದ ನೀರಿನಲ್ಲಿ ಸೀಸ ಸಿಗಲಿಲ್ಲ. ಅಂದರೆ ತೊಂದರೆ ಇದ್ದದ್ದು ಮನೆಯೊಳಗೆ.

"ಕುದಿಸಿದ್ರೆ ಸಾಕಲ್ದ?" ಎಂದು ಆಯಿ ಕೇಳಿದಳು. ಸಾಲದು. ಆವಿಯಾಗುವುದು ನೀರು, ಸೀಸ ಪಾತ್ರೆಯಲ್ಲೇ ಉಳಿಯುತ್ತದೆ. ಯುವಿ ದೀಪವೂ ಕ್ರಿಮಿ ಕೊಲ್ಲುತ್ತದೆ ಅಷ್ಟೇ.

ಮೊದಲು ಖರ್ಚಿಲ್ಲದ ದಾರಿ ಹಿಡಿದೆ. ಬೆಳಿಗ್ಗೆ ಮೂರು ನಿಮಿಷ ನಲ್ಲಿ ಬಿಟ್ಟು, ಆಮೇಲೆ ಕುಡಿಯಲು ಹಿಡಿಯುವುದು. ಬಿಟ್ಟ ನೀರು ನೆಲ ಒರೆಸಲು ಆಯಿತು. ಅಳತೆ 5ಕ್ಕೆ ಇಳಿಯಿತು. ಆದರೆ ಮಧ್ಯಾಹ್ನ ಪೇಟೆಗೆ ಹೋಗಿ ಬಂದರೆ ನೀರು ಮತ್ತೆ ನಿಂತಿರುತ್ತದೆ. ನೆಂಟರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಒಬ್ಬರು ಮರೆತರೂ ಮಗುವಿನ ಲೋಟಕ್ಕೆ ಅದೇ ನೀರು.

ಆರ್‌ಒ ಎರಡು ತಿಂಗಳು ಇಟ್ಟೆ. ಸೀಸ ತೆಗೆಯುವುದರಲ್ಲಿ ಅದರ ಮೇಲೆ ದೂರಿಲ್ಲ, ಅಳತೆಗೆ ಸಿಗದಷ್ಟು ಕಡಿಮೆಯಾಯಿತು. ಆದರೆ ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವಾಗ, ಒಂದು ಲೀಟರ್ ಕುಡಿಯಲು ಅದಕ್ಕಿಂತ ಹೆಚ್ಚು ನೀರು ಚೆಲ್ಲುವುದು ನನಗೆ ಸಹಿಸಲಾಗಲಿಲ್ಲ. ನಮ್ಮ ನೀರಿನಲ್ಲಿ ಲವಣ ಇರುವುದೇ ಸ್ವಲ್ಪ. ಅದನ್ನೂ ತೆಗೆದು ಸಪ್ಪೆ ಮಾಡಿತು.

ಕೊನೆಗೆ ಅಡುಗೆಮನೆಯ ಹಳೆ ಹಿತ್ತಾಳೆ ನಲ್ಲಿ ಬಿಚ್ಚಿಸಿ ಸ್ಟೀಲಿನದು ಹಾಕಿಸಿದೆ. ಪ್ಲಂಬರಿಗೆ ಅರ್ಧ ಗಂಟೆಯ ಕೆಲಸ. ಬೆಳಗಿನ ಮೊದಲ ನೀರೇ 3 ತೋರಿಸಿತು. ಇದನ್ನೇ ಮೊದಲು ಮಾಡಬೇಕಿತ್ತು. ಈಗಲೂ ಒಂದು ನಿಮಿಷ ನೀರು ಬಿಡುತ್ತೇವೆ. ಅಡುಗೆಗೆ ಗೀಸರಿನ ಬಿಸಿನೀರು ಹಿಡಿಯುವುದನ್ನು ನಿಲ್ಲಿಸಿದ್ದೇವೆ, ಬಿಸಿನೀರಿಗೆ ಸೀಸ ಜಾಸ್ತಿ ಕರಗುತ್ತದೆ.

ನಿಮ್ಮ ಮನೆಯಲ್ಲಿ ಪೈಪುಗಳೇ ಹಳೆಯ ಪಿವಿಸಿಯಾಗಿದ್ದರೆ ಮಾತು ಬೇರೆ. ಪಿವಿಸಿ ಬಿಸಿಗೆ ಕೆಡದಿರಲಿ ಎಂದು ಮೊದಲು ಸೀಸ ಬೆರೆಸುತ್ತಿದ್ದರು. ಅದನ್ನು ತಡೆಯುವ ನಿಯಮ ಬಂದದ್ದೇ 2021ರಲ್ಲಿ. ಅಂಥ ಮನೆಗೆ ಪೈಪು ಬದಲಿಸುವವರೆಗೆ ಆರ್‌ಒ ಇರಲಿ ಎಂದೇ ನಾನು ಹೇಳುತ್ತೇನೆ.