ಆಲ್ಬೆಂಡಜೋಲ್ 400: ಮಾತ್ರೆಗೆ ನಾಲ್ಕು ಸ್ಟಾರ್, ಚೀಟಿಗೆ ಎರಡು

ಹೊಟ್ಟೆಹುಳಕ್ಕೆ ಕೊಡುವ ಈ ಮಾತ್ರೆ ಕೆಲಸ ಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘ಒಂದೇ ಡೋಸ್’ ಬಗ್ಗೆ. ಎಲ್ಲ ಹುಳಕ್ಕೂ ಅಷ್ಟು ಸಾಕಾಗುವುದಿಲ್ಲ.

ಚಿಕ್ಕ ಮಗಳು ರಾತ್ರಿಯೆಲ್ಲ ಹಿಂಬದಿ ಕೆರೆದುಕೊಳ್ಳುತ್ತಿದ್ದಳು. ಅವಳು ಮಲಗಿದ ಮೇಲೆ ಟಾರ್ಚ್ ಹಾಕಿ ನೋಡಿದೆ. ಬಿಳಿ ದಾರದ ಚೂರಿನಂಥ ಹುಳ ಮಿಸುಕಾಡುತ್ತಿತ್ತು. ಹೆಣ್ಣು ಹುಳ ಮೊಟ್ಟೆ ಇಡಲು ಹೊರಗೆ ಬರುವ ಹೊತ್ತೇ ಅದಂತೆ. ಪಿನ್‌ವರ್ಮ್ ಎಂದ ಡಾಕ್ಟರು ಮನೆಮಂದಿಗೆಲ್ಲ ಒಂದೇ ದಿನ ತೆಗೆದುಕೊಳ್ಳಲು ಜಗಿಯುವ ಮಾತ್ರೆ ಬರೆದುಕೊಟ್ಟರು.

ರುಚಿ ಪರವಾಗಿಲ್ಲ. ಮೊದಲು ಸಿಹಿ, ಆಮೇಲೆ ಸೀಮೆಸುಣ್ಣ ಜಗಿದ ಹಾಗೆ. ಗಾತ್ರ ಮಾತ್ರ ದೊಡ್ಡದು. ದೊಡ್ಡವರೂ ಇಡೀ ನುಂಗುವ ಸಾಹಸ ಮಾಡದೆ ಜಗಿದು ನೀರು ಕುಡಿಯುವುದು ಒಳ್ಳೆಯದು. ಪುಟ್ಟವಳಿಗೆ ಎರಡು ಚಮಚಗಳ ನಡುವೆ ಮಾತ್ರೆಯನ್ನು ಪುಡಿ ಮಾಡಿ, ನೀರಲ್ಲಿ ಕಲಸಿ ಕೊಟ್ಟೆ. ಚಮಚದ ತಳದಲ್ಲಿ ಅಂಟಿಕೊಂಡಿದ್ದಕ್ಕೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಸಿದೆ. ಅಳುವ ಮಗುವಿನ ಮೂಗು ಹಿಡಿದು, ಅಂಗಾತ ಮಲಗಿಸಿ ತುರುಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಗಂಟಲಿಗೆ ಸಿಕ್ಕಿ ಉಸಿರೇ ಕಟ್ಟಬಹುದು. ಅಳು ನಿಂತ ಮೇಲೆ ಕೊಟ್ಟರಾಯಿತು, ಹುಳ ಎಲ್ಲಿಗೂ ಓಡಿಹೋಗುವುದಿಲ್ಲ.

ಎರಡು ವರ್ಷ ದಾಟಿದವರಿಗೆ ಸಾಮಾನ್ಯವಾಗಿ 400 ಎಂಜಿ, ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅದರ ಅರ್ಧ. ಅದಕ್ಕಿಂತ ಚಿಕ್ಕ ಮಗುವಿಗೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಸಿರಪ್ ಆದರೆ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ, ಔಷಧಿ ತಳದಲ್ಲಿ ಕೂತಿರುತ್ತದೆ. ಅಳತೆಗೆ ಅಡುಗೆಮನೆಯ ಚಮಚ ಬೇಡ.

ಈಗ ಆ ಒಂದೇ ಡೋಸ್ ವಿಚಾರ. ಹುಳ ಸಕ್ಕರೆ ಹೀರಿಕೊಳ್ಳದಂತೆ ಈ ಔಷಧಿ ತಡೆಯುತ್ತದೆ, ಹುಳ ಹಸಿದು ಸಾಯುತ್ತದೆ. ಹಾಗಾಗಿ ಅದೇ ರಾತ್ರಿ ತುರಿಕೆ ನಿಲ್ಲಲಿಲ್ಲ ಅಂತ ಇನ್ನೊಂದು ಮಾತ್ರೆ ಕೊಡಬಾರದು. ಆದರೆ ಪಿನ್‌ವರ್ಮ್ ಮೊಟ್ಟೆಯ ಮುಂದೆ ಇದರ ಆಟ ಸರಿಯಾಗಿ ನಡೆಯುವುದಿಲ್ಲ. ಉಳಿದ ಮೊಟ್ಟೆ ಒಡೆದು ಬರುವ ಹುಳಕ್ಕಾಗಿ ಎರಡು ವಾರ ಬಿಟ್ಟು ಎರಡನೇ ಡೋಸ್ ಬೇಕು. ನಮ್ಮ ಡಬ್ಬಿಯೊಳಗಿನ ಚೀಟಿಯಲ್ಲಿ ಈ ಮಾತು ಇತ್ತು, ಇರುವೆ ಗಾತ್ರದ ಅಕ್ಷರದಲ್ಲಿ, ಮಡಿಕೆಯ ಒಳಗೆ! ಎರಡು ಸ್ಟಾರ್ ಅದಕ್ಕೇ.

ಆ ಮೊಟ್ಟೆ ಹಾಸಿಗೆ ಬಟ್ಟೆಯಲ್ಲಿ ಎರಡು ಮೂರು ವಾರ ಬದುಕಿರಬಲ್ಲದು. ಹೊದಿಕೆಯನ್ನು ಕೊಡವದೆ ಮಡಚಿ ಎತ್ತಿ ಬಿಸಿನೀರಲ್ಲಿ ಒಗೆದೆ. ಮಕ್ಕಳ ಉಗುರು ಕತ್ತರಿಸಿದೆ. ಸ್ನಾನ ರಾತ್ರಿಯಿಂದ ಬೆಳಿಗ್ಗೆಗೆ ಬದಲಾಯಿತು, ರಾತ್ರಿ ಇಟ್ಟ ಮೊಟ್ಟೆ ತೊಳೆದು ಹೋಗಲಿ ಅಂತ. ಇದೆಲ್ಲ ಮಾಡದೆ ಮಾತ್ರೆಯನ್ನು ಬೈದರೆ ಏನು ಪ್ರಯೋಜನ ಅಲ್ವಾ?

ಮನೆಮಂದಿಗೆಲ್ಲ ಅಂದರೂ ಇಬ್ಬರನ್ನು ಡಾಕ್ಟರು ಹೊರಗಿಟ್ಟರು. ನಾದಿನಿಗೆ ಆಗ ಎರಡು ತಿಂಗಳು. ಮೊದಲ ಮೂರು ತಿಂಗಳಲ್ಲಿ ಇದು ಬೇಡ, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗಬಹುದು ಎಂದರು. ಅತ್ತೆಯವರಿಗೆ ಹಿಂದೆ ಫಿಟ್ಸ್ ಬಂದಿತ್ತು. ಅದಕ್ಕೂ ಹೊಟ್ಟೆಹುಳಕ್ಕೂ ಏನು ಸಂಬಂಧ ಅಂತ ಕೇಳಿಯೇಬಿಟ್ಟೆ. ಲಾಡಿಹುಳದ ಮರಿಗಳು ಕೆಲವರ ಮಿದುಳಿನಲ್ಲಿ ಗೊತ್ತಿಲ್ಲದೆ ಕೂತಿರುತ್ತವಂತೆ. ಈ ಮಾತ್ರೆಗೆ ಅವು ಸಾಯುವಾಗ ಸುತ್ತ ಊತ ಬಂದು ತಲೆನೋವು, ಫಿಟ್ಸ್ ಶುರುವಾಗಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ: ದಿನಗಟ್ಟಲೆ ಮಾತ್ರೆ, ಅದೂ ಜಿಡ್ಡಿನ ಊಟದ ಜೊತೆ, ಊತ ಇಳಿಸುವ ಔಷಧಿ, ನಡುನಡುವೆ ಲಿವರ್ ಮತ್ತು ರಕ್ತದ ಪರೀಕ್ಷೆ. ಫಿಟ್ಸ್‌ನ ಕೆಲವು ಮಾತ್ರೆಗಳು ಇದರ ಬಲವನ್ನೂ ತಗ್ಗಿಸುತ್ತವೆ. ಆದ್ದರಿಂದ ದಿನಾ ತೆಗೆದುಕೊಳ್ಳುವ ಔಷಧಿಗಳ ಪಟ್ಟಿ ಕೈಯಲ್ಲಿರಲಿ.

ಅಡ್ಡಪರಿಣಾಮ ಜಾಸ್ತಿ ಏನಿಲ್ಲ. ದೊಡ್ಡ ಮಗನಿಗೆ ಸ್ವಲ್ಪ ಹೊಟ್ಟೆನೋವು ಬಂತು, ತಾನಾಗಿಯೇ ಹೋಯಿತು. ಮೈಮೇಲೆ ದದ್ದು ಎದ್ದರೆ, ಮುಖ ಊದಿದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹಸು, ನಾಯಿಗಳಿಗೆ ತಂದ ಬಾಟಲಿಯಲ್ಲಿ ಇದೇ ಹೆಸರು ಕಂಡರೂ ಅದನ್ನು ಮಕ್ಕಳಿಗೆ ಅಳೆದು ಕೊಡಲು ಹೋಗಬೇಡಿ, ಅದರ ಸ್ಟ್ರೆಂತ್ ಬೇರೆ.