ತಳ ಕತ್ತರಿಸಿದ ಲೋಟಗಳು ಮತ್ತು ಕಪ್ಪುರಂಧ್ರ: ತುಮಕೂರಿನಲ್ಲಿ ಕಂಡ ಸಂಚಾರಿ ತಾರಾಲಯ

ತುಮಕೂರಿನ ಶಾಲೆಯೊಂದರ ಸಭಾಂಗಣದಲ್ಲಿ ಕಳೆದ ಭಾನುವಾರ ನಡೆದ ಸಂಚಾರಿ ತಾರಾಲಯದ ಪ್ರದರ್ಶನಕ್ಕೆ ಅಣ್ಣನ ಮಕ್ಕಳಿಬ್ಬರನ್ನು ಕರೆದುಕೊಂಡು ಹೋಗಿದ್ದೆ. ಬೆಳಕನ್ನೂ ಹೊರಬಿಡದ ದೈತ್ಯ ಕಪ್ಪುರಂಧ್ರಗಳ ಸುತ್ತಲಿನ ಪ್ರದೇಶವನ್ನು ಕ್ಷ-ಕಿರಣ ದೂರದರ್ಶಕಗಳು ಹೇಗೆ ಗಮನಿಸುತ್ತವೆ ಎಂಬುದು ವಿಷಯ. 45 ನಿಮಿಷದ ಪ್ರದರ್ಶನಕ್ಕೆ ತಲೆಗೆ 80 ರೂಪಾಯಿ. ಗಾಳಿ ತುಂಬಿ ನಿಲ್ಲಿಸಿದ ಗುಮ್ಮಟದೊಳಗೆ ಬಗ್ಗಿ ನುಸುಳಿ ಜಮಖಾನದ ಮೇಲೆ ಕೂರಬೇಕು. ಗಾಳಿಯೂದುವ ಯಂತ್ರದ ಸದ್ದು ಹಿಂದಿನ ಸಾಲಿನವರಿಗೆ ಅರ್ಧ ಮಾತನ್ನು ಕೇಳಗೊಡುವುದಿಲ್ಲ.

ಪ್ರದರ್ಶನದ ಅತ್ಯುತ್ತಮ ಭಾಗಕ್ಕೆ ಪ್ರೊಜೆಕ್ಟರೇ ಬೇಕಾಗಲಿಲ್ಲ. ಕ್ಷ-ಕಿರಣಗಳು ಕನ್ನಡಿಗೆ ನೇರವಾಗಿ ಬಡಿದರೆ ಅದರೊಳಗೇ ಇಂಗಿಹೋಗುತ್ತವೆ. ಅದರ ಮೈಯನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿ ಬಂದರೆ ಮಾತ್ರ ಪ್ರತಿಫಲಿಸುತ್ತವೆ. ಅಮಾನಿಕೆರೆಯಲ್ಲಿ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಅದು ಮುಳುಗದೆ ನೀರಿನ ಮೇಲೆ ಚಿಮ್ಮುತ್ತಾ ಸಾಗುವುದನ್ನು ನೆನಪಿಸಿದ ನಿರೂಪಕರು, ತಳ ಕತ್ತರಿಸಿದ ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಕೂರಿಸಿ ಅವುಗಳ ಮೂಲಕ ಟಾರ್ಚ್ ಬೆಳಕು ಹಾಯಿಸಿದರು. ಒಳಮೈಯನ್ನು ಸವರಿಬಂದ ಬೆಳಕು ಬಿಳಿ ಹಾಳೆಯ ಮೇಲೆ ಉಂಗುರವಾಗಿ ಬಿತ್ತು. 1999ರಲ್ಲಿ ಉಡಾವಣೆಗೊಂಡ, ‘ಚಂದ್ರ’ ಎಂಬ ಹೆಸರಿನ ನಾಸಾದ ಕ್ಷ-ಕಿರಣ ದೂರದರ್ಶಕದಲ್ಲಿ ಹೀಗೆ 4 ಜೊತೆ ಕನ್ನಡಿಗಳಿವೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಮೃದು (ಕಡಿಮೆ ಶಕ್ತಿಯ) ಕ್ಷ-ಕಿರಣ ದೂರದರ್ಶಕದಲ್ಲಿರುವುದು ಚಿನ್ನ ಲೇಪಿಸಿದ ತೆಳು ಅಲ್ಯೂಮಿನಿಯಂ ಹಾಳೆಯ 40 ಸುತ್ತುಗಳು. ಭೂಮಿಯ ವಾತಾವರಣ ಈ ಕಿರಣಗಳನ್ನು ತಡೆಯುವುದರಿಂದ ಇವೆಲ್ಲ ಆಕಾಶಕ್ಕೇ ಏರಬೇಕಾಯಿತು.

ಕಪ್ಪುರಂಧ್ರದ ಸುತ್ತ ಸುತ್ತುವ ಅನಿಲದ ತಟ್ಟೆ, ಅದರ ಬಳಿಯಲ್ಲಿ ಕ್ಷ-ಕಿರಣ ಸೂಸುವ ಅತಿ ಬಿಸಿಯಾದ ಅನಿಲದ ಮೋಡವಾದ ಕರೋನಾ (ಈ ಹೆಸರು ಕೇಳಿದೊಡನೆ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ನಕ್ಕರು) ಇವನ್ನು ಗುಮ್ಮಟದ ತುಂಬ ಅನಿಮೇಷನ್‌ನಲ್ಲಿ ತೋರಿಸಿದರು. ನನ್ನ ತಕರಾರು ಇರುವುದು ಇಲ್ಲೇ. ಇದು ಕಲಾವಿದರ ಕಲ್ಪನೆ ಎಂಬ ಒಂದು ಸಾಲು ಎಲ್ಲಿಯೂ ಕಾಣಲಿಲ್ಲ. ಮನೆಗೆ ಹೋದ ಮಕ್ಕಳು ಚಂದ್ರ ದೂರದರ್ಶಕ ಇದನ್ನೆಲ್ಲ ಹೀಗೆಯೇ ಕಂಡಿತೆಂದು ನಂಬಿರುತ್ತಾರೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, 2019ರಲ್ಲಿ ಪ್ರಕಟವಾದ ಎಂ87 ಎಂಬ ಗೆಲಾಕ್ಸಿಯ ಕಪ್ಪುರಂಧ್ರದ ಚಿತ್ರವನ್ನೂ ಕ್ಷ-ಕಿರಣ ಚಿತ್ರವೆಂದೇ ಪರಿಚಯಿಸಿದ್ದು. ಅದು ಭೂಮಿಯ ಮೇಲೆ ಅಲ್ಲಲ್ಲಿ ಹರಡಿರುವ ರೇಡಿಯೋ ದೂರದರ್ಶಕಗಳು ಕೂಡಿ ಪಡೆದ ಚಿತ್ರ.

ಕೊನೆಗೆ ಪ್ರಶ್ನೆ ಕೇಳಲು ಉಳಿದ ನಾಲ್ಕೈದು ಜನರಿಗೆ ನಿರೂಪಕರು ತಮ್ಮ ಲ್ಯಾಪ್‌ಟಾಪ್ ತೆರೆದು, ಯಾವ ಶಕ್ತಿಯ ಕ್ಷ-ಕಿರಣ ಎಷ್ಟು ಬಂತೆಂಬ ಒಂದು ಗ್ರಾಫ್ ತೋರಿಸಿದರು. ಕರೋನಾದ ಕಿರಣಗಳು ತಟ್ಟೆಗೆ ಬಡಿದಾಗ ಅಲ್ಲಿನ ಕಬ್ಬಿಣದ ಪರಮಾಣುಗಳು 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಶಕ್ತಿಯ ಕ್ಷ-ಕಿರಣವನ್ನು ಸೂಸುತ್ತವೆ. ಗ್ರಾಫ್‌ನಲ್ಲಿ ಅದು ಚೂಪು ಗೆರೆಯಾಗಿ ನಿಲ್ಲಬೇಕಿತ್ತು. ಆದರೆ ತಟ್ಟೆಯ ವೇಗ ಮತ್ತು ಕಪ್ಪುರಂಧ್ರದ ಗುರುತ್ವ ಎರಡೂ ಸೇರಿ ಅದನ್ನು ಕಡಿಮೆ ಶಕ್ತಿಯ ಕಡೆಗೆ ಬಾಲದಂತೆ ಎಳೆದಿದ್ದವು. 1995ರಲ್ಲಿ ಜಪಾನಿನ ಆಸ್ಕಾ ಉಪಗ್ರಹದ ವೀಕ್ಷಣೆಯಿಂದ ಸ್ಪಷ್ಟವಾಗಿ ಕಂಡದ್ದು ಈ ಬಾಲವೇ. 2009ರಲ್ಲಿ ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಕ್ಷ-ಕಿರಣ ದೂರದರ್ಶಕದ ದತ್ತಾಂಶದಲ್ಲಿ, ಕರೋನಾದ ಬೆಳಕು ಏರಿಳಿದ ಸುಮಾರು 30 ಸೆಕೆಂಡಿನ ನಂತರ ತಟ್ಟೆಯಿಂದ ಮರಳಿದ ಬೆಳಕೂ ಹಾಗೆಯೇ ಏರಿಳಿಯುವುದು ಕಂಡುಬಂತು. ಬೆಟ್ಟದೆದುರು ಕೂಗಿ ಮಾರ್ದನಿಗೆ ಕಾದು ದೂರ ಅಂದಾಜಿಸಿದಂತೆ. ದೂರದರ್ಶಕದೊಳಗೆ ಒಂದೊಂದಾಗಿ ಬಂದುಬೀಳುವ ಕಿರಣಗಳನ್ನು ಎಣಿಸಿಯೇ ಇಷ್ಟನ್ನು ತಿಳಿದದ್ದೆಂದು ಅವರು ಹೇಳಿದಾಗ ಅಣ್ಣನ ಮಗಳು ಅನಿಮೇಷನ್‌ಗೆ ತೋರದ ಬೆರಗನ್ನು ಇಲ್ಲಿ ತೋರಿದಳು.

ಈ ಹತ್ತು ನಿಮಿಷ ಗುಮ್ಮಟದೊಳಗೇ ಸೇರಬೇಕಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ ಉಪಕರಣವನ್ನು ಹೊತ್ತು 2024ರ ಜನವರಿ 1ರಂದು ಹಾರಿದ ಇಸ್ರೋದ ಕ್ಷ-ಕಿರಣ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಹೆಸರನ್ನೂ ಎತ್ತದಿದ್ದದ್ದು, ಇಲ್ಲೇ ಪಕ್ಕದ ತುಮಕೂರಿನ ಮಕ್ಕಳ ಮುಂದೆ, ಏಕೋ ಸರಿಕಾಣಲಿಲ್ಲ. ಆದರೂ ಆ ಲೋಟಗಳಿಗಾಗಿಯೇ 80 ರೂಪಾಯಿ ಕೊಡಬಹುದು. ಹೋಗುವವರು ಮುಂದಿನ ಸಾಲಿನಲ್ಲಿ ಕೂತು, ಪ್ರದರ್ಶನ ಮುಗಿದೊಡನೆ ಎದ್ದು ಬಾರದೆ, ಲ್ಯಾಪ್‌ಟಾಪ್‌ನಲ್ಲಿರುವ ಗ್ರಾಫ್ ತೋರಿಸಿ ಎಂದು ಕೇಳಿ.