ಡೆವಿಲ್ ಮೇ ಕ್ರೈ 5, ವರ್ಷಗಟ್ಟಲೆ ಆಡಿದ ಮೇಲೆ: ಡಾಂಟೆಯ ಬಾಯಿ ನೋಡಬೇಡಿ, ಕೈ ನೋಡಿ

ಈ ವಿಡಿಯೋ ಗೇಮ್ ಸರಣಿಯ ನಾಯಕ, ರಾಕ್ಷಸರನ್ನು ಬೇಟೆಯಾಡುವ ಡಾಂಟೆ ಬಾಯಿ ಬಿಟ್ಟರೆ ಬಡಾಯಿ. ಮೂರು ತಲೆಯ ಸೆರ್ಬೆರಸ್ ಗುರುಗುಟ್ಟುತ್ತಾ ಎದುರಿಗೆ ನಿಂತರೆ, ನಾಯಿ ಪ್ರದರ್ಶನಕ್ಕೆ ಹೋಗಿದ್ದರೆ ಬಹುಮಾನ ಹೊಡೀತಿದ್ದೆ ಅಂತ ಗೇಲಿ ಮಾಡುವ ಆಸಾಮಿ. ತನ್ನ ರಾಕ್ಷಸ ಬೇಟೆಯ ಅಂಗಡಿಯ ಕರೆಂಟ್ ಬಿಲ್ ಕಟ್ಟಲು ಕಾಸಿಲ್ಲ, ಪಿಜ್ಜಾ ಮಾತ್ರ ತಪ್ಪುವುದಿಲ್ಲ. ಮೊದಲ ಬಾರಿ ಆಡುವವರಿಗೆ ಇವನು ಬರೀ ಉಡಾಫೆಯ ಮನುಷ್ಯ ಅನ್ನಿಸಿಬಿಡುತ್ತಾನೆ. ಸರಣಿಯನ್ನು ಸರಿಯಾದ ಕ್ರಮದಲ್ಲಿ ಎರಡು ಸುತ್ತು ಆಡಿದರೆ ಬೇರೆಯೇ ಕಾಣುತ್ತದೆ: ಇವನು ಮನಸ್ಸಿನಲ್ಲಿರುವುದನ್ನು ಎಂದೂ ಆಡಿ ತೋರಿಸುವುದಿಲ್ಲ, ಕೊಟ್ಟು ತೋರಿಸುತ್ತಾನೆ. ಯಾರು ಇವನಿಗೆ ಏನು ಕೊಟ್ಟರು, ಇವನು ಯಾರಿಗೆ ಏನು ಬಿಟ್ಟುಕೊಟ್ಟ ಎಂಬ ಲೆಕ್ಕ ಇಟ್ಟುಕೊಂಡರೆ ಇಡೀ ಕಥೆ ಕೈಗೆ ಸಿಗುತ್ತದೆ.

ಮೊದಲು ಬಡಾಯಿಯ ವಿಚಾರ. ಆಟ ತಯಾರಿಸಿದ ಕ್ಯಾಪ್‌ಕಾಮ್ ಇದನ್ನು ಬರೀ ಸಂಭಾಷಣೆಗೆ ಬಿಟ್ಟಿಲ್ಲ, ಆಟದ ಯಂತ್ರಕ್ಕೇ ಜೋಡಿಸಿದೆ. ಹೊಡೆದಾಟದ ಉದ್ದಕ್ಕೂ ಪರದೆಯ ಬಲಗಡೆ ಒಂದು ರ‍್ಯಾಂಕ್ ಏರುತ್ತಾ ಇಳಿಯುತ್ತಾ ಇರುತ್ತದೆ: ಡಿ, ಸಿ, ಬಿ, ಎ, ಎಸ್, ಡಬಲ್ ಎಸ್, ಕೊನೆಗೆ ಟ್ರಿಪಲ್ ಎಸ್. ಒಂದೇ ಏಟನ್ನು ಮತ್ತೆ ಮತ್ತೆ ಹಾಕಿದರೆ ಅದಕ್ಕೆ ಸಿಗುವ ಅಂಕ ಕಡಿಮೆಯಾಗುತ್ತಾ ಹೋಗುತ್ತದೆ. ಏಟು ತಿಂದರೆ ರ‍್ಯಾಂಕ್ ದಪ್ಪನೆ ಬೀಳುತ್ತದೆ. ಶತ್ರುವನ್ನು ಅಣಕಿಸುವುದಕ್ಕೇ ಒಂದು ಬಟನ್ ಇದೆ, ಅಣಕಿಸಿದರೆ ಅಂಕ ಏರುತ್ತದೆ. ಆದರೆ ಅಣಕಿಸುವಷ್ಟು ಹೊತ್ತೂ ಡಾಂಟೆ ಮೈಮರೆತು ನಿಂತಿರುತ್ತಾನೆ, ಪಕ್ಕದಿಂದ ಯಾವನಾದರೂ ಬಂದು ಬಾರಿಸಿದರೆ ಗಳಿಸಿದ್ದೆಲ್ಲ ಹೋಯಿತು. ಹಾಗಾಗಿ ಜಂಬ ಇಲ್ಲಿ ಪುಕ್ಕಟೆ ಅಲ್ಲ. ಒಬ್ಬನನ್ನು ಗಾಳಿಗೆ ಎತ್ತಿ, ಇನ್ನೊಬ್ಬ ಏಳುವ ಮುಂಚೆ ಸಿಗುವ ಆ ಒಂದು ಕ್ಷಣದಲ್ಲಿ ಅಣಕಿಸಬೇಕು. ರ‍್ಯಾಂಕ್ ಎಸ್ ಮುಟ್ಟಿದಾಗ ಹಿನ್ನೆಲೆಯ ಹಾಡೂ ತಾರಕಕ್ಕೆ ಏರುತ್ತದೆ. ಡಾಂಟೆಯ ಸ್ವಭಾವ ಆಡುವವರ ಹೆಬ್ಬೆರಳಿಗೆ ಇಳಿಯುವುದು ಇಲ್ಲೇ.

ಹೊಸಬರು ಎಡವುವ ಜಾಗ ಡಿ-ಪ್ಯಾಡ್, ಅಂದರೆ ಗೇಮ್‌ಪ್ಯಾಡಿನ ಎಡಗಡೆಯ ನಾಲ್ಕು ದಿಕ್ಕಿನ ಬಟನ್. ಡಾಂಟೆಗೆ ನಾಲ್ಕು ಸ್ಟೈಲ್, ಅಂದರೆ ತಪ್ಪಿಸಿಕೊಳ್ಳುವುದು, ಕತ್ತಿ, ಬಂದೂಕು, ತಡೆಯುವುದು ಎಂಬ ನಾಲ್ಕು ಹೊಡೆದಾಟದ ಬಗೆ: ಮೇಲೆ ಒತ್ತಿದರೆ ಟ್ರಿಕ್‌ಸ್ಟರ್, ಬಲಕ್ಕೆ ಸ್ವೋರ್ಡ್‌ಮಾಸ್ಟರ್, ಎಡಕ್ಕೆ ಗನ್‌ಸ್ಲಿಂಗರ್, ಕೆಳಗೆ ರಾಯಲ್‌ಗಾರ್ಡ್. ನಡೆದಾಡಿಸುವ ಸ್ಟಿಕ್ಕೂ ಅದೇ ಎಡ ಹೆಬ್ಬೆರಳಿನದು. ಸ್ಟೈಲ್ ಬದಲಿಸಲು ಬೆರಳು ಎತ್ತಿದಿರೋ, ಡಾಂಟೆ ನಿಂತಲ್ಲೇ ಗರ ಬಡಿದವನ ಹಾಗೆ ನಿಲ್ಲುತ್ತಾನೆ, ಅಷ್ಟರಲ್ಲಿ ಏಟು ಬಿದ್ದಿರುತ್ತದೆ. ಇದಕ್ಕೆ ಮದ್ದು: ಖಾಲಿ ನಿಂತಾಗ ಬದಲಿಸಬೇಡಿ, ಕತ್ತಿ ಬೀಸುತ್ತಿರುವಾಗಲೇ ಬದಲಿಸಿ. ಬೀಸಿದ ಕತ್ತಿ ವಾಪಸ್ ಬರುವಷ್ಟರಲ್ಲಿ ಬೆರಳು ಹೋಗಿ ಬರಲು ಸಮಯ ಸಿಗುತ್ತದೆ. ಮೊದಲ ಸುತ್ತಿಗೆ ಟ್ರಿಕ್‌ಸ್ಟರ್ ಮತ್ತು ಸ್ವೋರ್ಡ್‌ಮಾಸ್ಟರ್ ಎರಡೇ ಸಾಕು.

ಆಯುಧಗಳದ್ದೂ ಅದೇ ಕಥೆ. ಒಂದೇ ಬಟನ್ನಿನಲ್ಲಿ ಒಂದಾದ ಮೇಲೊಂದು ಬದಲಾಗುವುದರಿಂದ, ನಾಲ್ಕನ್ನೂ ಹೊತ್ತುಕೊಂಡರೆ ಬೇಕಾದದ್ದು ಬೇಕಾದ ಹೊತ್ತಿಗೆ ಬರುವುದಿಲ್ಲ. ಎರಡು ಕತ್ತಿ ಬಗೆಯವು, ಎರಡು ಬಂದೂಕು ಇಟ್ಟುಕೊಂಡು ಉಳಿದದ್ದನ್ನು ತೆಗೆದಿಡಿ. ರಾಯಲ್‌ಗಾರ್ಡ್‌ನಲ್ಲಿ ಏಟು ತಾಗುವ ಕ್ಷಣಕ್ಕೆ ಸರಿಯಾಗಿ ತಡೆದರೆ ಶಕ್ತಿ ಶೇಖರವಾಗಿ, ಆಮೇಲೆ ಒಂದೇ ಸಲಕ್ಕೆ ತಿರುಗಿ ಬಾರಿಸಬಹುದು. ಬಟನ್ ಒತ್ತಿ ಹಿಡಿದುಕೊಂಡು ಕೂತರೆ ಅಷ್ಟು ಲಾಭವಿಲ್ಲ. ವಾಯ್ಡ್ ಎಂಬ ಅಭ್ಯಾಸದ ಕೋಣೆಯಲ್ಲಿ ಒಂದೇ ಶತ್ರುವನ್ನು ನಿಲ್ಲಿಸಿಕೊಂಡು ಇದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಡಾಕ್ಟರ್ ಫೌಸ್ಟ್ ಎಂಬ ಟೋಪಿ ಮಾತ್ರ ಜೂಜಿನ ವಸ್ತು. ಅದರ ಏಟುಗಳಿಗೆ ನಿಮ್ಮದೇ ರೆಡ್ ಆರ್ಬ್ (ಆಟದೊಳಗಿನ ದುಡ್ಡು) ಖರ್ಚಾಗುತ್ತದೆ, ಟೋಪಿ ತಲೆಮೇಲಿದ್ದಾಗ ಏಟು ಬಿದ್ದರೆ ಇನ್ನಷ್ಟು ಆರ್ಬ್ ಉದುರುತ್ತವೆ. ಕೈಗೆ ಬಂದ ದುಡ್ಡು ನಿಲ್ಲದ ಮನುಷ್ಯನಿಗೆ ಹೇಳಿ ಮಾಡಿಸಿದ ಆಯುಧ.

ಇನ್ನು ಆ ಕೊಟ್ಟು ತೆಗೆದುಕೊಂಡ ಲೆಕ್ಕ. ಬಿಡುಗಡೆಯ ಕ್ರಮ ಮರೆತು, ಕಥೆಯ ಕಾಲದಲ್ಲಿ ಮೊದಲು ಬರುವ ಮೂರನೆಯ ಆಟದಿಂದ (2005) ಶುರು ಮಾಡಿ. ಇಲ್ಲಿ ಡಾಂಟೆ ಎಳೆಯ, ಅಂಗಡಿಗೆ ಇನ್ನೂ ಹೆಸರೂ ಇಟ್ಟಿಲ್ಲ, ಅಷ್ಟರಲ್ಲೇ ರಾಕ್ಷಸರು ಬಂದು ಅದನ್ನು ಪುಡಿಮಾಡುತ್ತಾರೆ. ಇವನಿಗೂ ಅವಳಿ ಅಣ್ಣ ವರ್ಜಿಲ್‌ಗೂ ತಾಯಿ ಈವಾ ಕೊಟ್ಟಿದ್ದು ಒಂದೊಂದು ಅರ್ಧ ತಾಯಿತ. ರಾಕ್ಷಸನಾದ ತಂದೆ ಸ್ಪಾರ್ಡಾನ ಶಕ್ತಿ ಬೇಕೆಂದು ವರ್ಜಿಲ್‌ಗೆ ಎರಡೂ ಅರ್ಧ ಬೇಕು. 7, 13 ಮತ್ತು 20ನೆಯ ಮಿಷನ್‌ಗಳಲ್ಲಿ ಅಣ್ಣತಮ್ಮಂದಿರು ಮೂರು ಬಾರಿ ಬಡಿದಾಡುತ್ತಾರೆ. 19ರಲ್ಲಿ ಅದೇ ಶಕ್ತಿಗೆ ಹೊಂಚುಹಾಕಿದ ಆರ್ಕಮ್‌ನ ಎದುರು ಅಷ್ಟೇ ಹೊತ್ತು ಒಂದಾಗುತ್ತಾರೆ. ಕೊನೆಯಲ್ಲಿ ವರ್ಜಿಲ್ ರಾಕ್ಷಸಲೋಕದ ಪ್ರಪಾತಕ್ಕೆ ಬೀಳುವಾಗ ಡಾಂಟೆ ಓಡಿಬಂದು ಕೈ ಚಾಚುತ್ತಾನೆ. ವರ್ಜಿಲ್ ಆ ಕೈ ಹಿಡಿಯುವುದಿಲ್ಲ, ತನ್ನ ಯಮಾಟೊ ಕತ್ತಿಯಿಂದ ತಮ್ಮನ ಅಂಗೈ ಸೀಳಿ ಬಿದ್ದುಹೋಗುತ್ತಾನೆ. ಕ್ಯಾಮೆರಾ ಹರಿದ ಕೈಗವಸಿನ ಮೇಲೆ ನಿಲ್ಲುತ್ತದೆ. ಅದುವರೆಗೆ ಬಡಬಡ ಮಾತಾಡಿದವನ ಬಾಯಲ್ಲಿ ಆಗ ಒಂದು ಮಾತೂ ಇಲ್ಲ.

ಇದೇ ಆಟದಲ್ಲಿ ಲೇಡಿ ಬರುತ್ತಾಳೆ. ಅವಳ ತಾಯಿಯನ್ನು ಕೊಂದದ್ದು ಅವಳ ತಂದೆಯೇ, ಅದೇ ಆರ್ಕಮ್. ತಾಯಿಯ ಹೆಸರು ಕಲೀನಾ ಆನ್, ಲೇಡಿ ಹೆಗಲ ಮೇಲೆ ಹೊರುವ ರಾಕೆಟ್ ಲಾಂಚರಿನ ಹೆಸರೂ ಅದೇ. 16ನೆಯ ಮಿಷನ್‌ನಲ್ಲಿ ಡಾಂಟೆಗೆ ಸೋತ ಮೇಲೆ ಅದನ್ನು ಅವನ ಕೈಗೆ ಕೊಡುತ್ತಾಳೆ. ಅಲ್ಲಿಂದ ಮುಂದೆ ನೀವು ಆ ಲಾಂಚರ್ ಎತ್ತಿದಾಗಲೆಲ್ಲ ಒಬ್ಬ ಮಗಳು ತಾಯಿಯ ಹೆಸರನ್ನು ನಂಬಿ ಕೊಟ್ಟದ್ದನ್ನು ಬಳಸುತ್ತಿರುತ್ತೀರಿ. ಅಂಗಡಿಗೆ ಸರಣಿಯ ಹೆಸರು ಬಂದದ್ದೂ ಅವಳಿಂದಲೇ. ಅಣ್ಣನನ್ನು ಕಳೆದುಕೊಂಡ ಡಾಂಟೆ ಕೆನ್ನೆಯ ಮೇಲಿನ ಹನಿಯನ್ನು ಮಳೆ ಎನ್ನುತ್ತಾನೆ. ಮಳೆ ಆಗಲೇ ನಿಂತಿದೆ ಎಂದು ಅವಳು ತೋರಿಸಿಕೊಡುತ್ತಾಳೆ, ರಾಕ್ಷಸನೂ ಅಳಬಹುದೇನೋ (ಡೆವಿಲ್ ಮೇ ಕ್ರೈ) ಎನ್ನುತ್ತಾಳೆ.

2001ರ ಮೊದಲ ಆಟವನ್ನು ಇದಾದ ಮೇಲೆ ಆಡಿದರೆ ಮೈ ಜುಮ್ಮೆನ್ನುವ ಜಾಗ ಒಂದಿದೆ. ನೆಲೋ ಆಂಜೆಲೋ ಎಂಬ ಕಪ್ಪು ಕವಚದ ಯೋಧ ಮೊದಲ ಬಾರಿಗೆ ಎದುರಾದಾಗ ಡಾಂಟೆಯ ಕತ್ತು ಹಿಸುಕಿ ಇನ್ನೇನು ಮುಗಿಸಬೇಕು, ಅಷ್ಟರಲ್ಲಿ ತಾಯಿತ ಕಣ್ಣಿಗೆ ಬಿದ್ದು ಒದ್ದಾಡುತ್ತಾ ಹಿಂದೆ ಸರಿಯುತ್ತಾನೆ. ಅವನು ಯಾರೆಂದು ಮೂರನೆಯ ಆಟ ಮುಗಿಸಿದವರಿಗೆ ಆ ಕ್ಷಣವೇ ಗೊತ್ತು, ಡಾಂಟೆಗೆ ಗೊತ್ತಿಲ್ಲ. ಟ್ರಿಶ್ ಈ ಆಟದವಳು. ರಾಕ್ಷಸರ ದೊರೆ ಮುಂಡಸ್ ಅವಳನ್ನು ಈವಾಳ ಮುಖ ಕೊಟ್ಟು ಸೃಷ್ಟಿಸಿ ಬಲೆಯಾಗಿ ಕಳಿಸಿರುತ್ತಾನೆ. ಮೋಸ ಬಯಲಾದ ಮೇಲೂ ಡಾಂಟೆ ಅವಳನ್ನು ಉಳಿಸುತ್ತಾನೆ, ನಿನಗೆ ಆತ್ಮವಿಲ್ಲ ಎಂದು ಬೈಯುತ್ತಲೇ. ಆಮೇಲೆ ಅವಳು ಇವನಿಗಾಗಿ ಏಟಿಗೆ ಅಡ್ಡ ಬಂದಾಗ ತಾಯಿತವನ್ನು ಅವಳ ಬಳಿ ಇಟ್ಟು ಹೊರಡುತ್ತಾನೆ. ಅಲ್ಲಿನ ಇಂಗ್ಲಿಷ್ ಸಂಭಾಷಣೆ ಮತ್ತು ದನಿ ಕೊಡುವಿಕೆ ಇಂದಿಗೂ ನಗೆಪಾಟಲು, ಅದನ್ನು ಒಪ್ಪಿಕೊಂಡೇ ನೋಡಬೇಕು.

ಎರಡನೆಯ ಆಟದ (2003) ಡಾಂಟೆ ಮಾತು ಆಡುವುದೇ ಅಪರೂಪ. ಎರಡೂ ಕಡೆ ಒಂದೇ ಮುದ್ರೆಯ ನಾಣ್ಯ ಚಿಮ್ಮಿ ಒಳ್ಳೆಯದನ್ನೇ ಆರಿಸಿಕೊಳ್ಳುವ ಚಾಲಾಕಿತನ ಒಂದು ಚೆನ್ನ. ದೂರ ನಿಂತು ಗುಂಡು ಹಾರಿಸುತ್ತಾ ಮುಗಿಸಬಹುದಾದ ಆಟ. ಬಿಟ್ಟರೆ ನಷ್ಟವಿಲ್ಲ.

2008ರ ನಾಲ್ಕನೆಯದರಲ್ಲಿ 20 ಮಿಷನ್‌ಗಳ ಪೈಕಿ ಮೊದಲ 11 ನೀರೋ ಎಂಬ ಹೊಸ ಹುಡುಗನವು. ಡಾಂಟೆ 12ರಿಂದ 18ರವರೆಗೆ, ಅದೂ ನೀರೋ ನಡೆದ ದಾರಿಯಲ್ಲೇ ವಾಪಸ್. ಇದು ಸರಣಿಯ ಅತಿ ದೊಡ್ಡ ಸೋಮಾರಿತನ. ಆದರೆ ಕೊನೆಯಲ್ಲಿ ಒಂದು ದೃಶ್ಯ ಅದನ್ನೆಲ್ಲ ಮನ್ನಿಸುವಂತೆ ಮಾಡುತ್ತದೆ. ಯಮಾಟೊ ಅಂದರೆ ಡಾಂಟೆಗೆ ಅಣ್ಣನಿಂದ ಉಳಿದ ಏಕೈಕ ಗುರುತು. ನೀರೋ ವಾಪಸ್ ಕೊಡಲು ಬಂದರೆ, ನೀನೇ ಇಟ್ಟುಕೋ ಎಂದು ಬೆನ್ನು ತಿರುಗಿಸಿ ಹೊರಡುತ್ತಾನೆ. ನಿನಗೆ ಇದು ಮುಖ್ಯ ಅಲ್ಲವಾ ಎಂದು ನೀರೋ ಕೇಳಿದರೆ, ಅಂಥದ್ದನ್ನು ಕೊಟ್ಟರೇ ಅದು ಉಡುಗೊರೆ ಎಂಬರ್ಥದ ಉತ್ತರ. ಹೆಗಲು ತಟ್ಟುವುದಿಲ್ಲ, ಬುದ್ಧಿವಾದವಿಲ್ಲ.

ಐದರಲ್ಲಿ ಈ ಎಲ್ಲ ಬಾಕಿ ಒಟ್ಟಿಗೆ ಬಂದು ನಿಲ್ಲುತ್ತದೆ. ಶುರುವಿನಲ್ಲೇ ಯೂರಿಜನ್ ಎದುರು ಸೋಲುವ ಹೊತ್ತಿಗೆ ಡಾಂಟೆ ನೀರೋನಿಗೆ, ನೀನು ದಂಡದ ಹೊರೆ, ಇಲ್ಲಿಂದ ಹೊರಡು ಎಂದು ಗದರಿಸುತ್ತಾನೆ. ಆ ಮಾತನ್ನು ನೀರೋ ಇಡೀ ಆಟದುದ್ದಕ್ಕೂ ಕಟ್ಟಿಕೊಂಡು ತಿರುಗುತ್ತಾನೆ. ಯೂರಿಜನ್ ಅಂದರೆ ವರ್ಜಿಲ್ ತನ್ನಿಂದ ಬೇರ್ಪಡಿಸಿದ ರಾಕ್ಷಸ ಅರ್ಧ, ವಿ ಅಂದರೆ ಉಳಿದ ಮಾನವ ಅರ್ಧ, ನೀರೋ ವರ್ಜಿಲ್‌ನ ಮಗ. ಇದು ತಿಳಿದ ಮೇಲೆ ಎರಡನೆಯ ಸುತ್ತು ಆಡಿ ನೋಡಿ. ಮಗನ ಕೈಯಿಂದ ತಂದೆ ಸಾಯುವುದು ಬೇಡ ಎಂದು ಡಾಂಟೆ ಆ ಕೆಲಸವನ್ನು ತನ್ನ ತಲೆಮೇಲೆ ಎಳೆದುಕೊಂಡಿದ್ದಾನೆ. ಬೈಗುಳದ ಅರ್ಥವೇ ಬದಲಾಗುತ್ತದೆ.

10ನೆಯ ಮಿಷನ್‌ನಲ್ಲಿ ಸುಟ್ಟು ಪಾಳುಬಿದ್ದ ಬಾಲ್ಯದ ಮನೆ. ತಾಯಿ ತನ್ನನ್ನು ಬೀರುವಿನೊಳಗೆ ಅಡಗಿಸಿ, ನಾನು ಬರದಿದ್ದರೆ ಬೇರೆ ಹೆಸರಿಟ್ಟುಕೊಂಡು ಹೊಸದಾಗಿ ಬದುಕು ಎಂದು ಹೇಳಿ ಹೋದ ನೆನಪು ಇಲ್ಲಿ ಬರುತ್ತದೆ. ಈ ದೃಶ್ಯವನ್ನು ಸ್ಕಿಪ್ ಮಾಡಬೇಡಿ. ತಂದೆ ಬಿಟ್ಟುಹೋದ ರೆಬೆಲಿಯನ್ ಕತ್ತಿಯ ತುಂಡನ್ನು ತನ್ನ ಎದೆಗೇ ಚುಚ್ಚಿಕೊಂಡು ಡಾಂಟೆ ಹೊಸ ಶಕ್ತಿ ಪಡೆಯುವುದು ಇದರ ಬೆನ್ನಿಗೇ. 19ರಲ್ಲಿ ನೀವು ಡಾಂಟೆಯಾಗಿ ವರ್ಜಿಲ್ ಜೊತೆ ಹೊಡೆದಾಡುತ್ತೀರಿ, 20ರಲ್ಲಿ ನೀರೋ ಆಗಿ ಇಬ್ಬರ ನಡುವೆ ನುಗ್ಗುತ್ತೀರಿ. ದಂಡದ ಹೊರೆ ಎಂದವನಿಗೆ ಉತ್ತರ ನಿಮ್ಮ ಕೈಯಿಂದಲೇ ಕೊಡಿಸುವ ಜಾಣ್ಮೆ ಅದು. ಆಮೇಲೆ ಅಣ್ಣತಮ್ಮಂದಿರು ಕ್ಲಿಫೋತ್ ಎಂಬ ರಾಕ್ಷಸ ಮರದ ಬೇರು ಕಡಿಯಲು ರಾಕ್ಷಸಲೋಕಕ್ಕೆ ಧುಮುಕುತ್ತಾರೆ. ವರ್ಜಿಲ್ ತನ್ನ ಕವನದ ಪುಸ್ತಕವನ್ನು ಮಗನ ಕೈಗೆ ಕೊಟ್ಟು ಹೋಗುತ್ತಾನೆ. ಕೊಟ್ಟು ತೋರಿಸುವ ಚಾಳಿ ಅಣ್ಣನಿಗೂ ಇದೆ ಅಂತಾಯಿತು.

ಸಿಟ್ಟು ಬರಿಸುವುದೂ ಇದೆ. ಡಾಂಟೆಗಾಗಿ ಕೊಂಡವರು ಅವನನ್ನು ಸರಿಯಾಗಿ ಆಡಿಸಲು 10ನೆಯ ಮಿಷನ್‌ವರೆಗೆ ಕಾಯಬೇಕು. ಅದಕ್ಕಿಂತ ದೊಡ್ಡ ತಪ್ಪು ಲೇಡಿ ಮತ್ತು ಟ್ರಿಶ್ ವಿಷಯದಲ್ಲಿ ಆಗಿದೆ. ಇಬ್ಬರನ್ನೂ ರಾಕ್ಷಸರ ಒಡಲಿನಿಂದ ಬಟ್ಟೆಯಿಲ್ಲದೆ ಹೊರಗೆಳೆದು, ಆಮೇಲೆ ವ್ಯಾನಿನಲ್ಲಿ ಕೂರಿಸಿಬಿಟ್ಟಿದ್ದಾರೆ. ಇವರಿಲ್ಲದೆ ಡಾಂಟೆ ಇಲ್ಲ ಎಂದು ಎರಡು ಆಟಗಳಲ್ಲಿ ಕಟ್ಟಿದ್ದನ್ನು ಐದನೆಯದು ಹೀಗೆ ಪೋಲು ಮಾಡಬಾರದಿತ್ತು. ಇಬ್ಬರನ್ನೂ ಆಡಿಸಬೇಕೆಂದರೆ ನಾಲ್ಕರ 2015ರ ಸ್ಪೆಷಲ್ ಎಡಿಷನ್ ಒಂದೇ ಗತಿ.

ಕೊಳ್ಳುವವರಿಗೆ: 3, 1, 4, 5 ಈ ಕ್ರಮ ಸರಿ. ಮೊದಲ ಮೂರು ಎಚ್‌ಡಿ ಕಲೆಕ್ಷನ್‌ನಲ್ಲಿ ಒಟ್ಟಿಗೆ ಸಿಗುತ್ತವೆ. 2018ರ ಆ ಆವೃತ್ತಿಯಲ್ಲೂ ಮೆನುಗಳು ಮಸುಕು, ಹಳೆಯ ಟಿವಿ ಅಳತೆಯವು. ಆಟ ಶುರುವಾದ ಮೇಲೆ ಸರಿಹೋಗುತ್ತದೆ. ನಿಂಟೆಂಡೊ ಸ್ವಿಚ್ ಇದ್ದವರು ಮೂರನೆಯದನ್ನು ಅದರಲ್ಲೇ ಆಡಲಿ, ಹೊಡೆದಾಟದ ನಡುವೆ ಸ್ಟೈಲ್ ಬದಲಿಸುವ ಸೌಲಭ್ಯ 2020ರ ಆ ಆವೃತ್ತಿಯಲ್ಲಿದೆ. ಬೇರೆಡೆ ಮಿಷನ್ ಶುರುವಿನಲ್ಲೋ ದೇವತೆಯ ವಿಗ್ರಹದ ಬಳಿಯೋ ಮಾತ್ರ ಬದಲಿಸಬಹುದು. ಐದರಲ್ಲಿ ವರ್ಜಿಲ್ ಆಗಿ ಆಡಲು ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ಗಳಲ್ಲಿ ಸ್ಪೆಷಲ್ ಎಡಿಷನ್ ಬೇಕು, ಪಿಸಿಯಲ್ಲಿ ಬೇರೆಯಾಗಿ ಕೊಳ್ಳಬೇಕು. ಅವನ ಪಾಲಿಗೆ ಕಥೆಯ ದೃಶ್ಯಗಳು ಹೆಚ್ಚುಕಡಿಮೆ ಇಲ್ಲ, ಆ ನಿರೀಕ್ಷೆ ಬೇಡ. 2013ರ ನಿಂಜಾ ಥಿಯರಿ ಕಂಪನಿಯ ಆಟದ ಡಾಂಟೆಯೂ 2025ರ ನೆಟ್‌ಫ್ಲಿಕ್ಸ್ ಆನಿಮೆಯ ಡಾಂಟೆಯೂ ಬೇರೆ ಕಥಾಲೋಕದವರು, ಈ ಲೆಕ್ಕಕ್ಕೆ ಸೇರಿಸಬೇಡಿ. 2007ರ 12 ಕಂತಿನ ಆನಿಮೆ ಮಾತ್ರ ಇದೇ ಲೋಕದ್ದು. ಅದರ ಪುಟ್ಟ ಹುಡುಗಿ ಪ್ಯಾಟಿಯೇ ಐದನೆಯ ಆಟದಲ್ಲಿ ತನ್ನ 18ನೆಯ ಹುಟ್ಟುಹಬ್ಬಕ್ಕೆ ಕರೆಯಲು ಫೋನ್ ಮಾಡುವವಳು.

ಪಿಸಿಯಲ್ಲಿ ಕೀಬೋರ್ಡ್ ಬೇಡ, ಡಿ-ಪ್ಯಾಡ್ ಗಟ್ಟಿಯಿರುವ ಗೇಮ್‌ಪ್ಯಾಡ್ ಇರಲಿ. ಮೊದಲ ಸುತ್ತು ಡೆವಿಲ್ ಹಂಟರ್ ಮಟ್ಟದಲ್ಲಿ, ಕಷ್ಟದ ಏಟುಗಳನ್ನು ತಾನೇ ಹಾಕಿಕೊಡುವ ಆಟೋ ಅಸಿಸ್ಟ್ ಆಫ್ ಮಾಡಿ ಆಡಿ. ಭಾರತೀಯ ಭಾಷೆಗಳ ಸಬ್‌ಟೈಟಲ್ ಯಾವುದೂ ಇಲ್ಲ. ಹೊಡೆದಾಟದ ನಡುವೆ ಬರುವ ಮಾತು ಸದ್ದಿನಲ್ಲಿ ಕಳೆದುಹೋಗುತ್ತದೆ, ಆದ್ದರಿಂದ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಹಾಡಿನ ವಾಲ್ಯೂಮ್ ಸ್ವಲ್ಪ ಇಳಿಸಿ.